ಬಾಡಿಗೆ ಪಡೆಯುವವರ ಹೊಣೆ

ಮಂಡ್ಯದಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಈ ಅನುಭವ ಇದ್ದೇ ಇರುತ್ತದೆ. ‘ಮನೆ ಬಾಡಿಗೆಗಿದೆ’ ಎಂಬ ಫಲಕ ಕಂಡು ಗೇಟು ತಟ್ಟಿದರೆ ಮಾಲೀಕರು ಹೊರಗೆ ಬರುತ್ತಾರೆ. ಮೊದಲ ಪ್ರಶ್ನೆ, “ತಾವು ಯಾವ ಜನ?” ಎರಡನೆಯದು, “ಮಾಂಸ ಮಾಡ್ತೀರಾ?” ಹೆಸರು ಹೇಳಿದ ಕೂಡಲೇ ಕೆಲವರ ಮುಖದ ಬಣ್ಣ ಬದಲಾಗುತ್ತದೆ. “ಅಯ್ಯೋ, ನೆನ್ನೆ ತಾನೆ ಒಬ್ಬರು ಬಂದು ಅಡ್ವಾನ್ಸ್ ಕೊಟ್ಟು ಹೋದರಲ್ಲ” ಎನ್ನುತ್ತಾರೆ. ಒಂದು ತಿಂಗಳ ಮೇಲೆ ಅದೇ ಬೀದಿಯಲ್ಲಿ ಹೋದರೆ ಅದೇ ಫಲಕ ಅಲ್ಲೇ ತೂಗುತ್ತಿರುತ್ತದೆ. ಮದ್ದೂರಿನಲ್ಲೂ ಮಳವಳ್ಳಿಯಲ್ಲೂ ಕತೆ ಬೇರೆಯಲ್ಲ.

ಹೀಗೇಕೆ ಎಂದು ಕೇಳಿದರೆ ಸಿಗುವ ಉತ್ತರ ಒಂದೇ. “ಕಾಲ ಕೆಟ್ಟಿದೆ ಸ್ವಾಮಿ. ಯಾರು ಬಂದು ಏನು ಮಾಡುತ್ತಾರೋ? ನಾಳೆ ಏನಾದರೂ ಆದರೆ ಪೊಲೀಸರು ಬರುವುದು ನಮ್ಮ ಮನೆ ಬಾಗಿಲಿಗೆ.”

ಈ ಭಯ ಪೂರ್ತಿ ಸುಳ್ಳಲ್ಲ. ತಾನು ಬಾಡಿಗೆಗೆ ಕೊಟ್ಟ ಮನೆಯಲ್ಲಿ ವೇಶ್ಯಾವಾಟಿಕೆಯೋ ಜೂಜಿನ ಅಡ್ಡೆಯೋ ಕಳ್ಳಮದ್ಯದ ವ್ಯಾಪಾರವೋ ನಡೆದರೆ ಮಾಲೀಕನೂ ಉತ್ತರ ಹೇಳಬೇಕೆಂದು ಕಾಯಿದೆ ಹೇಳುತ್ತದೆ. ಹಾಗೆ ಹೇಳುವುದು ನ್ಯಾಯವೂ ಹೌದು. ಆದರೆ ಈ ಹೊಣೆಗಾರಿಕೆಯ ಚರಿತ್ರೆಯನ್ನು ತಿರುವಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಬಾಡಿಗೆದಾರ ಯಾವ ಜನ ಎಂದು ಈ ಕಾಯಿದೆಗಳು ಮಾಲೀಕನನ್ನು ಕೇಳಿದ್ದೇ ಇಲ್ಲ. ಅವು ಕೇಳಿದ್ದು, “ನಿನಗೆ ಏನು ಗೊತ್ತಿತ್ತು? ಗೊತ್ತಿದ್ದೂ ಎಷ್ಟು ಗಳಿಸಿದೆ?” ಎಂದು. ಆ ಪ್ರಶ್ನೆಯನ್ನು ಬದಿಗಿಟ್ಟು ನಮ್ಮ ಸಮಾಜ ಬೇರೆಯದೇ ಪ್ರಶ್ನೆ ಕೇಳುತ್ತಾ ಬಂದಿದೆ. ಇದು ಹೇಗಾಯಿತೆಂದು ತಿಳಿಯುವುದು ಈ ಲೇಖನದ ಉದ್ದೇಶ.

ನಾಲೆ, ಕಾರ್ಖಾನೆ, ವಠಾರ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಂಡ್ಯ ಒಂದು ಸಣ್ಣ ಊರು. 1882ರ ಹೊತ್ತಿಗೆ ಬೆಂಗಳೂರು–ಮೈಸೂರು ರೈಲು ಮದ್ದೂರು, ಮಂಡ್ಯಗಳನ್ನು ಹಾದುಹೋಗತೊಡಗಿತ್ತಾದರೂ ಇಳಿದು ನೆಲೆಸುವವರು ಕಡಿಮೆ. ಮಳೆಯನ್ನು ನಂಬಿದ ರಾಗಿಯ ಸೀಮೆ ಅದು. ಬಂದವರಿಗೆ ಛತ್ರವಿತ್ತು, ನೆಂಟರ ಮನೆಯಿತ್ತು. ಊರಿನವರಿಗೆ ಅವರವರ ಮನೆಯಿತ್ತು. ಮನೆಯನ್ನು ಬಾಡಿಗೆಗೆ ಕೊಟ್ಟು ಬದುಕುವ ಪದ್ಧತಿ ಬೇರೂರಲು ಕಾರಣವಿರಲಿಲ್ಲ.

ಚಿತ್ರ ಬದಲಾದದ್ದು ನೀರು ಬಂದ ಮೇಲೆ. 1911ರಲ್ಲಿ ಕೃಷ್ಣರಾಜಸಾಗರ ಅಣೆಕಟ್ಟಿನ ಕೆಲಸ ಆರಂಭವಾಯಿತು. 1930ರ ದಶಕದ ಆದಿಯಲ್ಲಿ ಇರ್ವಿನ್ ನಾಲೆಯ ಮೂಲಕ ಕಾವೇರಿಯ ನೀರು ಈ ಸೀಮೆಗೆ ಹರಿಯಿತು. ಮುಂದೆ ಅದೇ ವಿಶ್ವೇಶ್ವರಯ್ಯ ನಾಲೆಯಾಯಿತು. ರಾಗಿ ಹೊಲಗಳು ಕಬ್ಬಿನ ಗದ್ದೆಗಳಾದವು. 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪನೆಯಾಯಿತು. 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯ ಹೊಸ ಜಿಲ್ಲೆಯಾಯಿತು. ಕಾರ್ಖಾನೆಗೆ ಕೆಲಸಗಾರರು, ಕಚೇರಿಗಳಿಗೆ ಗುಮಾಸ್ತರು, ಶಾಲೆಗಳಿಗೆ ಮೇಷ್ಟ್ರುಗಳು, ಬೆಲ್ಲದ ಮಂಡಿಗೆ ವ್ಯಾಪಾರಿಗಳು, ಗಾಡಿ ಹೊಡೆಯುವವರು, ಕೂಲಿಗಳು ಬಂದರು. 1962ರಲ್ಲಿ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು ಬಂದ ಮೇಲೆ ದೂರದೂರಿನ ವಿದ್ಯಾರ್ಥಿಗಳೂ ಬಂದರು. ಇವರೆಲ್ಲ ತಂಗುವುದೆಲ್ಲಿ?

ಆ ಪ್ರಶ್ನೆಗೆ ಹಳೇ ಮೈಸೂರಿನ ಊರುಗಳಲ್ಲಿ ಆಗಲೇ ಸಿದ್ಧವಿದ್ದ ಉತ್ತರ ವಠಾರ. ಒಂದೇ ಹೆಬ್ಬಾಗಿಲು, ನಡುವೆ ಅಂಗಳ, ಒಂದು ಬಾವಿ ಅಥವಾ ಕೊಳಾಯಿ, ಸುತ್ತ ಸಾಲು ಮನೆಗಳು. ಮಾಲೀಕನ ಮನೆಯೂ ಆ ಸಾಲಿನಲ್ಲೇ, ಹೆಚ್ಚಾಗಿ ಹೆಬ್ಬಾಗಿಲ ಪಕ್ಕದಲ್ಲೇ. ಯಾರು ಬಂದರು, ಯಾರು ಹೋದರು, ಯಾರ ಒಲೆ ಉರಿಯಲಿಲ್ಲ, ಯಾರ ಮನೆಯಲ್ಲಿ ಜಗಳವಾಯಿತು ಎಂಬುದು ಅವನಿಗೆ ತಾನಾಗಿ ತಿಳಿಯುತ್ತಿತ್ತು. ಅಲ್ಲಿ ಕಿರಿಕಿರಿಯೂ ಇತ್ತು, ಜಾತಿಯ ಕಟ್ಟುಪಾಡೂ ಇತ್ತು. ವಠಾರವನ್ನು ಸ್ವರ್ಗವೆಂದು ಹೊಗಳುವ ಅಗತ್ಯವಿಲ್ಲ. ಆದರೆ ಬಾಡಿಗೆ ಪಡೆಯುವವನು ಬಾಡಿಗೆದಾರನ ನೆರೆಯವನೂ ಆಗಿದ್ದ. ಕೆಡುಕಿಗೆ ಎಡೆಕೊಟ್ಟರೆ ಅದರ ಹೊಗೆ ಮೊದಲು ಅವನ ಮನೆಯೊಳಗೇ ನುಗ್ಗುತ್ತಿತ್ತು.

ಊರು ಬೆಳೆದಂತೆ ಮಾಲೀಕ ದೂರವಾದ. ಹಳ್ಳಿಯ ಜಮೀನುದಾರ ಪೇಟೆಯಲ್ಲಿ ಮೂರಂತಸ್ತಿನ ಕಟ್ಟಡ ಕಟ್ಟಿಸಿದ. ಪೇಟೆಯ ಮಾಲೀಕನ ಮಗ ಬೆಂಗಳೂರು ಸೇರಿದ. ಬಾಡಿಗೆ ಕೂಡಿಸಲು ಒಬ್ಬ ಮಧ್ಯವರ್ತಿ, ಕರಾರು ಪತ್ರಕ್ಕೆ ಒಂದು ಛಾಪಾ ಕಾಗದ, ಅಷ್ಟಕ್ಕೆ ಸಂಬಂಧ ಮುಗಿಯಿತು. ಈಗಂತೂ ಬಾಡಿಗೆ ಮೊಬೈಲಿನಲ್ಲೇ ಬಂದು ಖಾತೆಗೆ ಬೀಳುತ್ತದೆ. ಮಾಲೀಕ ತನ್ನ ಮನೆಯ ಹೊಸ್ತಿಲು ತುಳಿಯದೆ ವರ್ಷಗಳೇ ಕಳೆದಿರಬಹುದು. ನೋಡದಿರುವುದು ಸುಲಭವಾದಷ್ಟೂ “ನನಗೆ ಗೊತ್ತಿರಲಿಲ್ಲ” ಎನ್ನುವುದೂ ಸುಲಭವಾಯಿತು.

ಹಳೆಯ ನಗರಗಳ ಎರಡು ಪಾಠ

ಮನೆಯ ಯಜಮಾನನಿಗೆ ಹೊಣೆ ಹೊರಿಸುವುದು ಹೊಸ ವಿಚಾರವಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಗರಾಡಳಿತವನ್ನು ವಿವರಿಸುವ ಭಾಗದಲ್ಲಿ ಮನೆಗೆ ಬಂದು ತಂಗಿದವರ, ಬಿಟ್ಟು ಹೋದವರ ಸುದ್ದಿಯನ್ನು ಮನೆಯವನು ಅಧಿಕಾರಿಗೆ ತಿಳಿಸಬೇಕೆಂಬ ನಿಯಮವಿದೆ. ತಿಳಿಸದಿದ್ದಲ್ಲಿ ಆ ರಾತ್ರಿ ನಡೆದ ಅಪರಾಧದ ದೋಷ ಅವನಿಗೂ ತಟ್ಟುತ್ತದೆ. ಏನೂ ನಡೆಯದಿದ್ದರೂ ಮೂರು ಪಣ ದಂಡ. ಇಂದು ಪೊಲೀಸರು ಬಾಡಿಗೆದಾರರ ವಿವರ ಕೊಡಿ ಎಂದು ಹೊರಡಿಸುವ ಆದೇಶಗಳ ಮುತ್ತಜ್ಜ ಇದು. ಆದರೆ ಈ ನಿಯಮದಲ್ಲಿ ಪ್ರಭುತ್ವದ ಕಣ್ಣು ಮಾತ್ರ ಇದೆ. ಮನೆಯೊಳಗಿರುವವರ ಮಾನದ ಮಾತಿಲ್ಲ.

ಇಸ್ಲಾಮೀ ನಗರಗಳಲ್ಲಿ ಮುಹ್ತಸಿಬ್ ಎಂಬ ಅಧಿಕಾರಿಯಿರುತ್ತಿದ್ದ. ತೂಕ ಅಳತೆ ನೋಡುವುದು, ಕಲಬೆರಕೆ ಹಿಡಿಯುವುದು, ಬೀದಿಗೆ ಬಿದ್ದ ಕೆಡುಕನ್ನು ತಡೆಯುವುದು ಅವನ ಕೆಲಸ. ಅವನಿಗೂ ಒಂದು ಮೇರೆಯಿತ್ತು. ಹನ್ನೊಂದನೆಯ ಶತಮಾನದ ಧರ್ಮಶಾಸ್ತ್ರಜ್ಞ ಮಾವರ್ದಿ, ಬಹಿರಂಗವಾಗದ ತಪ್ಪನ್ನು ಕೆದಕಿ ಹುಡುಕುವ ಅಧಿಕಾರ ಮುಹ್ತಸಿಬನಿಗಿಲ್ಲ ಎಂದು ಬರೆದಿದ್ದಾರೆ. ಈ ಮೇರೆಗೆ ಆಧಾರವಾಗಿ ಇಮಾಂ ಗಝಾಲಿಯವರು ತಮ್ಮ ಗ್ರಂಥದಲ್ಲಿ ಹೇಳುವ ಒಂದು ಪ್ರಸಂಗ ನಮ್ಮಲ್ಲಿ ಅನೇಕರಿಗೆ ಗೊತ್ತಿದೆ. ಖಲೀಫಾ ಉಮರ್(ರ) ರಾತ್ರಿ ಗಸ್ತಿನಲ್ಲಿದ್ದಾಗ ಒಂದು ಮನೆಯ ಗೋಡೆ ಹತ್ತಿ ನೋಡುತ್ತಾರೆ. ಒಳಗೆ ಒಬ್ಬನು ತಪ್ಪು ಮಾಡುತ್ತಿರುವುದು ಕಾಣುತ್ತದೆ. ಗದರಿಸಿದಾಗ ಆತ, “ನಾನು ಮಾಡಿದ ತಪ್ಪು ಒಂದು, ನೀವು ಮಾಡಿದ್ದು ಮೂರು. ಗೂಢಚಾರಿಕೆ ಮಾಡಬೇಡಿರೆಂದು ಆಜ್ಞೆಯಿದೆ, ನೀವು ಮಾಡಿದಿರಿ. ಬಾಗಿಲಿನಿಂದ ಬನ್ನಿರೆಂದು ಆಜ್ಞೆಯಿದೆ, ನೀವು ಗೋಡೆ ಹತ್ತಿದಿರಿ. ಅನುಮತಿ ಪಡೆದು ಸಲಾಂ ಹೇಳಿ ಒಳಬನ್ನಿರೆಂದು ಆಜ್ಞೆಯಿದೆ, ನೀವು ಹೇಳಲಿಲ್ಲ” ಎನ್ನುತ್ತಾನೆ. ಖಲೀಫರು ವಾದ ಹೂಡಲಿಲ್ಲ. ಇನ್ನು ಹೀಗೆ ಮಾಡುವುದಿಲ್ಲವೆಂಬ ಅವನ ಮಾತು ಪಡೆದು ಹೊರಟುಹೋದರು.

ಕೆಡುಕನ್ನು ತಡೆಯಬೇಕು, ಆದರೆ ಗೋಡೆ ಹತ್ತಬಾರದು. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದೇ ಕಷ್ಟ.

ಲಂಡನ್ನಿನಲ್ಲಿ ತುಳಿದ ಎರಡು ದಾರಿ

ಇಂದು ನಮ್ಮಲ್ಲಿರುವ ಕಾಯಿದೆಗಳ ಹಿಂದೆ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡ್ ಇದೆ. ಕೈಗಾರಿಕೆಯಿಂದ ಊದಿಕೊಂಡ ಲಂಡನ್ನಿನ ಬಡವರ ಕೇರಿಗಳಲ್ಲಿ ಒಂದು ಕೋಣೆಗೆ ಒಂದು ಕುಟುಂಬ ತುಂಬಿಕೊಂಡಿತ್ತು. ಅಲ್ಲಿ ಎರಡು ಬಗೆಯ ಪ್ರಯತ್ನ ನಡೆಯಿತು.

ಮೊದಲನೆಯದು ಆಕ್ಟೇವಿಯಾ ಹಿಲ್ ಎಂಬ ಮಹಿಳೆಯದು. 1865ರಲ್ಲಿ ಲೇಖಕ ಜಾನ್ ರಸ್ಕಿನ್ ಕೊಟ್ಟ ಹಣದಿಂದ ಮೆರಿಲ್‌ಬೋನ್ ಪ್ರದೇಶದ ಕೆಲವು ಹಳೆಯ ಮನೆಗಳನ್ನು ಅವರು ವಹಿಸಿಕೊಂಡರು. ಚರಂಡಿ, ಕಿಟಕಿ, ನೀರಿನ ವ್ಯವಸ್ಥೆ ಸರಿಮಾಡಿಸಿದರು. ಪ್ರತಿ ವಾರ ತಾವೇ ಹೋಗಿ ಬಾಡಿಗೆ ಪಡೆದರು, ಕಷ್ಟಸುಖ ವಿಚಾರಿಸಿದರು. ಹೂಡಿದ ಹಣಕ್ಕೆ ವರ್ಷಕ್ಕೆ ನೂರಕ್ಕೆ ಐದು ಲಾಭ ಸಾಕು, ಮಿಕ್ಕಿದ್ದು ಮನೆಗಳಿಗೇ ಎಂಬುದು ಅವರ ನಿಯಮ. ತಿದ್ದಿಕೊಳ್ಳದವರನ್ನು ಅವರು ಮನೆ ಬಿಡಿಸುತ್ತಿದ್ದುದೂ ಉಂಟು. ಬಡವರ ಮೇಲೆ ಯಜಮಾನಿಕೆ ನಡೆಸಿದರೆಂಬ ಟೀಕೆಯೂ ಅವರ ಮೇಲಿದೆ. ಅದೇನೇ ಇರಲಿ, ಮಾಲೀಕ ಮೊದಲು ತನ್ನ ಕರ್ತವ್ಯ ಮಾಡಿ ಆಮೇಲೆ ಬಾಡಿಗೆದಾರನಿಂದ ಕರ್ತವ್ಯ ಕೇಳಬೇಕೆಂಬ ಕ್ರಮವನ್ನು ಅವರು ಪಾಲಿಸಿದರು.

ಎರಡನೆಯದು ಶಿಕ್ಷೆಯ ದಾರಿ. 1885ರಲ್ಲಿ ಎಳೆಯ ಹೆಣ್ಣುಮಕ್ಕಳ ಮಾರಾಟದ ಬಗ್ಗೆ ಪತ್ರಕರ್ತ ಡಬ್ಲ್ಯು. ಟಿ. ಸ್ಟೆಡ್ ಬರೆದ ಲೇಖನಗಳು ಇಂಗ್ಲೆಂಡನ್ನೇ ಕಲಕಿದವು. ಅದೇ ವರ್ಷ ಬಂದ ಕಾಯಿದೆ, ವೇಶ್ಯಾಗೃಹವಾಗಲಿದೆ ಎಂದು ತಿಳಿದೂ ಮನೆಯನ್ನು ಬಾಡಿಗೆಗೆ ಕೊಡುವ ಮಾಲೀಕನಿಗೆ ದಂಡ ಮತ್ತು ಸೆರೆವಾಸ ವಿಧಿಸಿತು. ಫಲವೇನು? ಹೆದರಿದ ಮಾಲೀಕರು ಮೊದಲು ಮಾಡಿದ ಕೆಲಸ ಆ ಹೆಂಗಸರನ್ನು ಬೀದಿಗೆ ತಳ್ಳಿದ್ದು. ಕೆಡುಕು ಅಳಿಯಲಿಲ್ಲ, ಇನ್ನಷ್ಟು ಕತ್ತಲ ಓಣಿಗಳಿಗೆ ಸರಿಯಿತು ಎಂದು ಆ ಕಾಲವನ್ನು ಅಭ್ಯಾಸ ಮಾಡಿದ ಚರಿತ್ರೆಕಾರರು ಹೇಳುತ್ತಾರೆ. ನಮ್ಮ ದೇಶಕ್ಕೆ ಬಂದದ್ದು ಈ ಎರಡನೆಯ ದಾರಿ.

1956ರ ಕಾಯಿದೆ

ಬ್ರಿಟಿಷರ ಕಾಲದಲ್ಲಿ 1923ರಲ್ಲಿ ಮುಂಬಯಿ ಪ್ರಾಂತದಲ್ಲೂ 1930ರಲ್ಲಿ ಮದ್ರಾಸ್ ಪ್ರಾಂತದಲ್ಲೂ ಈ ಬಗೆಯ ಕಾಯಿದೆಗಳಾದವು. ಮೈಸೂರು ಸಂಸ್ಥಾನವೂ 1930ರ ದಶಕದಲ್ಲಿ ಅದೇ ಹಾದಿ ಹಿಡಿಯಿತು. ಸ್ವಾತಂತ್ರ್ಯದ ನಂತರ ಸಂವಿಧಾನದ 23ನೇ ವಿಧಿ ಮನುಷ್ಯರ ಮಾರಾಟವನ್ನು ನಿಷೇಧಿಸಿತು. 1949ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಒಡಂಬಡಿಕೆಗೆ 1950ರ ಮೇ ತಿಂಗಳಲ್ಲಿ ಭಾರತ ಸಹಿ ಹಾಕಿತು. ಪರರ ವೇಶ್ಯಾವೃತ್ತಿಗಾಗಿ ತಿಳಿದೂ ಕಟ್ಟಡ ಬಾಡಿಗೆಗೆ ಕೊಡುವವನನ್ನು ಶಿಕ್ಷಿಸಬೇಕೆಂದು ಆ ಒಡಂಬಡಿಕೆಯೇ ಹೇಳಿತ್ತು. ಅದರ ಫಲವಾಗಿ 1956ರಲ್ಲಿ ಸಂಸತ್ತು ಕಾಯಿದೆ ಮಾಡಿತು. 1958ರ ಮೇ 1ರಿಂದ ಅದು ಜಾರಿಗೆ ಬಂತು. 1986ರ ತಿದ್ದುಪಡಿಯಲ್ಲಿ ಅದರ ಹೆಸರು ‘ಅನೈತಿಕ ವ್ಯವಹಾರ (ತಡೆ) ಕಾಯಿದೆ’ ಎಂದಾಯಿತು.

ಮಾಲೀಕರು ಈ ಕಾಯಿದೆಯ ಕೆಲವು ಮಾತುಗಳನ್ನು ತಿಳಿದಿರಬೇಕು. ವೇಶ್ಯಾಗೃಹವಾಗಲಿದೆ ಎಂದು ತಿಳಿದೂ ಮನೆ ಕೊಟ್ಟ ಮಾಲೀಕ ಅಥವಾ ಅವನ ಏಜೆಂಟನಿಗೆ ಮೊದಲ ಸಲ ಎರಡು ವರ್ಷದವರೆಗೆ ಸೆರೆ ಮತ್ತು ಎರಡು ಸಾವಿರ ರೂಪಾಯಿವರೆಗೆ ದಂಡ. ಮತ್ತೆ ಮಾಡಿದರೆ ಐದು ವರ್ಷದವರೆಗೆ ಸೆರೆ. ಅಪರಾಧ ಸಾಬೀತಾದರೆ ಬಾಡಿಗೆಯ ಕರಾರು ತಾನಾಗಿ ಬಿದ್ದುಹೋಗುತ್ತದೆ. ಶಾಲೆ, ಪೂಜಾಸ್ಥಳದಂಥ ಸಾರ್ವಜನಿಕ ಜಾಗಗಳಿಂದ 200 ಮೀಟರ್ ಒಳಗಿನ ಇಂಥ ಮನೆಯನ್ನು ಖಾಲಿ ಮಾಡಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಆಮೇಲೆ ಒಂದು ವರ್ಷ, ಅಲ್ಲಿ ಮಕ್ಕಳು ಸಿಕ್ಕಿದ್ದರೆ ಮೂರು ವರ್ಷ, ಮ್ಯಾಜಿಸ್ಟ್ರೇಟರ ಒಪ್ಪಿಗೆಯಿಲ್ಲದೆ ಆ ಮನೆಯನ್ನು ಯಾರಿಗೂ ಬಾಡಿಗೆಗೆ ಕೊಡುವಂತಿಲ್ಲವೆಂದು ಆದೇಶಿಸಬಹುದು. ಮಾಲೀಕ ನಿರಪರಾಧಿ ಎಂದು ಕಂಡುಬಂದರೆ ಮನೆ ಅವನಿಗೇ ಮರಳುತ್ತದೆ.

ಕಾಗದದ ಮೇಲೆ ಇದು ಬಲವಾದ ಕಾಯಿದೆಯೇ. ಆದರೆ ಎರಡು ಸಾವಿರ ರೂಪಾಯಿ ದಂಡವನ್ನು ನೋಡಿ. 1956ರಲ್ಲಿ ಅದು ದೊಡ್ಡ ಮೊತ್ತ. ಮೊದಲ ಸಲದ ತಪ್ಪಿಗೆ ಇಂದಿಗೂ ಅದರ ಮಿತಿ ಅಷ್ಟೇ.

‘ತಿಳಿದೂ’ ಎಂಬ ಒಂದು ಪದ

ಈ ಕಾಯಿದೆಯ ಬೀಗದ ಕೈ ‘ತಿಳಿದೂ’ ಎಂಬ ಪದದಲ್ಲಿದೆ. ಅದು ಇರಲೇಬೇಕು. ತಿಳಿಯದೆ ಮೋಸಹೋದ ವಿಧವೆಯೊಬ್ಬಳನ್ನು ಅವಳ ಬಾಡಿಗೆದಾರನ ತಪ್ಪಿಗೆ ಜೈಲಿಗೆ ಕಳಿಸುವುದು ನ್ಯಾಯವಲ್ಲ. ಆದರೆ ಊರಿನ ದರಕ್ಕಿಂತ ಎರಡು ಮೂರು ಪಟ್ಟು ಬಾಡಿಗೆಯನ್ನು ಪ್ರತಿ ತಿಂಗಳು ಎಣಿಸಿಕೊಂಡವನೂ ಅದೇ ಪದದ ಮರೆಯಲ್ಲಿ ನಿಲ್ಲುತ್ತಾನೆ. ಈ ಬಿರುಕನ್ನು ಮುಚ್ಚಲು 1978ರ ತಿದ್ದುಪಡಿ ಒಂದು ದಾರಿ ಹುಡುಕಿತು. ದಾಳಿಯಾದ ಸುದ್ದಿ ಆ ಪ್ರದೇಶದ ಪತ್ರಿಕೆಯಲ್ಲಿ ಪ್ರಕಟವಾಗಿದ್ದರೆ ಅಥವಾ ಶೋಧನೆಯಲ್ಲಿ ಸಿಕ್ಕ ವಸ್ತುಗಳ ಪಟ್ಟಿಯನ್ನು ಮಾಲೀಕನಿಗೆ ಕೊಟ್ಟಿದ್ದರೆ, ಆಮೇಲೂ ನಡೆದದ್ದು ಅವನಿಗೆ ತಿಳಿದೇ ನಡೆಯಿತೆಂದು ನ್ಯಾಯಾಲಯ ಭಾವಿಸಬಹುದು. ಹಾಗಲ್ಲವೆಂದು ತೋರಿಸುವ ಭಾರ ಅವನದು.

ಇಷ್ಟಾದರೂ ಕಾಯಿದೆಯ ಬಿಸಿ ತಟ್ಟಿದ್ದು ಯಾರಿಗೆ? ಕಾಯಿದೆ ಜಾರಿಗೆ ಬಂದ ದಿನವೇ ಅಲಹಾಬಾದ್ ಹೈಕೋರ್ಟಿನ ಮೆಟ್ಟಿಲೇರಿದವರು ಯಾವ ಕಟ್ಟಡದ ಮಾಲೀಕನೂ ಅಲ್ಲ, ಹುಸ್ನಾ ಬಾಯಿ ಎಂಬ ಹೆಂಗಸು. ತನ್ನನ್ನು ನಂಬಿದ ಕುಟುಂಬದ ಹೊಟ್ಟೆಪಾಡಿನ ಪ್ರಶ್ನೆಯನ್ನು ಅವರು ಸಂವಿಧಾನದ ಮುಂದಿಟ್ಟರು. ಅರ್ಜಿ ವಜಾ ಆಯಿತು. ವೇಶ್ಯಾವೃತ್ತಿಯಲ್ಲಿರುವ ಹೆಂಗಸನ್ನು ಒಂದು ಪ್ರದೇಶ ಬಿಟ್ಟು ಹೋಗುವಂತೆ ಆದೇಶಿಸುವ ಅಧಿಕಾರವನ್ನು ಅದೇ ಕಾಯಿದೆಯ 20ನೇ ಕಲಮು ಮ್ಯಾಜಿಸ್ಟ್ರೇಟರಿಗೆ ಕೊಡುತ್ತದೆ. ಕಾನಪುರದ ಕೌಶಲ್ಯಾ ಎಂಬವರ ಪ್ರಕರಣದಲ್ಲಿ 1963ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಹೆಂಗಸು ಊರು ಬಿಡಬೇಕು, ಅವಳಿಂದ ದುಪ್ಪಟ್ಟು ಬಾಡಿಗೆ ವಸೂಲು ಮಾಡಿದವನು ಊರಿನ ಗಣ್ಯನಾಗಿ ಉಳಿಯಬಹುದು. ಪತ್ರಿಕೆಗಳಲ್ಲಿ ದಾಳಿಯ ಸುದ್ದಿ ಬರುತ್ತದೆ, ಸೆರಗಿನಿಂದ ಮುಖ ಮುಚ್ಚಿಕೊಂಡ ಹೆಂಗಸರ ಚಿತ್ರ ಬರುತ್ತದೆ. ಕಟ್ಟಡದ ಮಾಲೀಕನ ಚಿತ್ರವನ್ನು ಎಷ್ಟು ಸಲ ನೋಡಿದ್ದೇವೆ?

2022ರ ಮೇ 19ರಂದು ಸುಪ್ರೀಂ ಕೋರ್ಟು ಈ ತಪ್ಪನ್ನು ಸ್ವಲ್ಪ ಮಟ್ಟಿಗೆ ತಿದ್ದಿತು. ವೇಶ್ಯಾಗೃಹ ನಡೆಸುವುದು ಕಾನೂನುಬಾಹಿರವೇ ಹೊರತು ವಯಸ್ಕ ಹೆಂಗಸು ಸ್ವಇಚ್ಛೆಯಿಂದ ಮಾಡುವ ವೃತ್ತಿಯೇ ಅಪರಾಧವಲ್ಲ, ದಾಳಿಯ ಹೆಸರಿನಲ್ಲಿ ಆಕೆಯನ್ನು ಬಂಧಿಸುವುದಾಗಲಿ ಪೀಡಿಸುವುದಾಗಲಿ ಕೂಡದು ಎಂಬುದು ಆ ಆದೇಶದ ತಿರುಳು. ಆ ವೃತ್ತಿಯನ್ನು ನಮ್ಮ ಧರ್ಮ ಒಪ್ಪುವುದಿಲ್ಲ, ನಾವೂ ಒಪ್ಪುವುದಿಲ್ಲ. ಆದರೆ ಬಡತನ ಮತ್ತು ಮೋಸದಿಂದ ಅಲ್ಲಿಗೆ ಬಿದ್ದವಳನ್ನು ದೂಡಿ, ಅವಳ ಬೀಳುವಿಕೆಯಿಂದ ಗಳಿಸಿದವನನ್ನು ಬಿಟ್ಟುಬಿಡುವುದನ್ನು ಯಾವ ಧರ್ಮ ಒಪ್ಪೀತು?

ಇಸ್ಪೀಟಿನ ಕೋಣೆ, ಮದ್ಯದ ಹಿತ್ತಿಲು

ಸಣ್ಣ ಊರುಗಳ ನಿತ್ಯದ ಪಿಡುಗು ಜೂಜು ಮತ್ತು ಮದ್ಯ. 1960ರ ದಶಕದಲ್ಲಿ ಮುಂಬಯಿಯಲ್ಲಿ ಬೆಳೆದ ಮಟ್ಕಾ ‘ಓಸಿ’ ಎಂಬ ಹೆಸರಿನಲ್ಲಿ ನಮ್ಮ ಹೋಟೆಲು, ಬೀಡಾ ಅಂಗಡಿಗಳವರೆಗೆ ಹರಡಿತು. ಅಂದರ್–ಬಾಹರ್ ಆಟಕ್ಕೆ ಬಾಡಿಗೆ ಕೋಣೆಗಳು ಬಳಕೆಯಾದವು. 2008ರಲ್ಲಿ ಐಪಿಎಲ್ ಆರಂಭವಾದ ಮೇಲೆ ಕ್ರಿಕೆಟ್ ಬೆಟ್ಟಿಂಗ್ ಸೇರಿಕೊಂಡಿತು. ಕಬ್ಬಿನ ಹಣ ಕೈಗೆ ಬಂದ ವಾರದಲ್ಲಿ ರೈತನ ಮಗ ಇಂಥ ಕೋಣೆಗೆ ಹೊಕ್ಕು ಬರಿಗೈಯಲ್ಲಿ ಹೊರಬಂದರೆ ಅದರ ಸಂಕಟ ಅವನ ಹೆಂಡತಿ ಮಕ್ಕಳಿಗೆ ಗೊತ್ತು.

ಇಲ್ಲಿಯೂ ಕಾಯಿದೆ ಮಾಲೀಕನನ್ನು ಬಿಟ್ಟಿಲ್ಲ. ಜೂಜಿನ ಅಡ್ಡೆಯಾಗಿ ಮನೆ ಬಳಕೆಯಾಗಲು ತಿಳಿದೂ ಅವಕಾಶ ಕೊಟ್ಟ ಮಾಲೀಕನನ್ನು 1867ರ ಸಾರ್ವಜನಿಕ ಜೂಜು ಕಾಯಿದೆಯೇ ಅಪರಾಧಿಯೆಂದಿತ್ತು. 1963ರ ಕರ್ನಾಟಕ ಪೊಲೀಸ್ ಕಾಯಿದೆಯ 79ನೇ ಕಲಮು ಅದನ್ನೇ ಹೇಳುತ್ತದೆ. ಮಾದಕವಸ್ತುಗಳ ಬಗೆಗಿನ 1985ರ ಕಾಯಿದೆಯ 25ನೇ ಕಲಮಿನ ಪ್ರಕಾರ, ತಿಳಿದೂ ಮನೆ ಕೊಟ್ಟವನಿಗೆ ಮೂಲ ಅಪರಾಧಿಗೆ ಆಗುವ ಶಿಕ್ಷೆಯೇ ಆಗುತ್ತದೆ. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಎಷ್ಟೋ ಕುಟುಂಬಗಳು ನಿಟ್ಟುಸಿರು ಬಿಟ್ಟವು. ಆದರೆ ಪರವಾನಗಿಯಿಲ್ಲದೆ ಮನೆಯ ಹಿತ್ತಿಲಿನಲ್ಲಿ, ಚಿಲ್ಲರೆ ಅಂಗಡಿಯ ಮೂಲೆಯಲ್ಲಿ ಮದ್ಯದ ಪ್ಯಾಕೆಟ್ ಮಾರುವುದು ನಿಲ್ಲಲಿಲ್ಲ. ಆ ಅಂಗಡಿಗೂ ಒಬ್ಬ ಮಾಲೀಕನಿರುತ್ತಾನೆ, ಆ ಮೂಲೆಗೂ ಬಾಡಿಗೆಯಿರುತ್ತದೆ.

ಜರಡಿಯಾದ ಹೊಣೆ

ಇಷ್ಟೆಲ್ಲ ಕಾಯಿದೆಗಳಿದ್ದೂ ಮಾಲೀಕರು ಕೆಡುಕನ್ನು ತಡೆಯುವ ಸಾಧನವಾಗಿ ಆರಿಸಿಕೊಂಡದ್ದು “ತಾವು ಯಾವ ಜನ?” ಎಂಬ ಪ್ರಶ್ನೆಯನ್ನು. ಮುಸ್ಲಿಮನೇ? ಬೇಡ. ದಲಿತನೇ? ಮನೆ ಖಾಲಿಯಿಲ್ಲ. ಒಂಟಿ ಹೆಂಗಸೇ? ಗಂಡ ಎಲ್ಲಿ? ಮದ್ದೂರು ತಾಲೂಕಿನ ಸೋಮನಹಳ್ಳಿ, ಗೆಜ್ಜಲಗೆರೆಯ ಕೈಗಾರಿಕಾ ಪ್ರದೇಶಗಳಿಗೆ ದುಡಿಯಲು ಬರುವ ಹೆಣ್ಣುಮಕ್ಕಳು ಇಬ್ಬರು ಮೂವರು ಸೇರಿ ಒಂದು ಕೋಣೆ ಹಿಡಿಯಲು ಹೊರಟರೆ ಕೇಳಬೇಕಾದ ಮಾತುಗಳನ್ನು ಇಲ್ಲಿ ಬರೆಯಲಾಗದು. 2006ರಲ್ಲಿ ಸಾಚಾರ್ ಸಮಿತಿ ತನ್ನ ವರದಿಯಲ್ಲಿ ಮುಸ್ಲಿಮರಿಗೆ ಬೇರೆ ಬಡಾವಣೆಗಳಲ್ಲಿ ಮನೆ ಕೊಳ್ಳುವುದೂ ಬಾಡಿಗೆಗೆ ಪಡೆಯುವುದೂ ಕಷ್ಟವಾಗಿರುವುದನ್ನು, ಅದರಿಂದ ಅವರು ಒಂದೇ ಕೇರಿಯಲ್ಲಿ ಒತ್ತೊತ್ತಾಗಿ ಬದುಕಬೇಕಾಗಿರುವುದನ್ನು ದಾಖಲಿಸಿದೆ. ಹಾಗೆ ಒತ್ತೊತ್ತಾದ ಕೇರಿಗೆ ದೀಪ, ಚರಂಡಿ, ಶಾಲೆ ಸರಿಯಾಗಿ ತಲುಪುವುದಿಲ್ಲ. ಆಮೇಲೆ ಅದೇ ಕೇರಿಯನ್ನು ತೋರಿಸಿ, “ನೋಡಿ, ಅವರಿರುವ ಜಾಗ ಹೇಗಿದೆ” ಎನ್ನುತ್ತಾರೆ.

ನಮ್ಮವರ ತಪ್ಪನ್ನೂ ಹೇಳಬೇಕು. ನಮ್ಮ ಸಮುದಾಯದ ಮನೆ ಮಾಲೀಕರಲ್ಲೂ ಊರು ಬಿಟ್ಟು ಬಂದವರಿಂದ, ಬೇರೆಲ್ಲೂ ಮನೆ ಸಿಗದವರಿಂದ ಹೆಚ್ಚು ಬಾಡಿಗೆ ಕೀಳುವವರಿದ್ದಾರೆ. ಮಸೀದಿಯ ಮೊದಲ ಸಾಲಿನಲ್ಲಿ ನಿಲ್ಲುವವರ ಮಳಿಗೆಯಲ್ಲಿ ಓಸಿ ಚೀಟಿ ಬರೆಯುವುದು ನಡೆದರೆ, “ನಾನು ಬಾಡಿಗೆಗೆ ಕೊಟ್ಟಿದ್ದೇನೆ ಅಷ್ಟೆ, ವ್ಯಾಪಾರ ಅವನದು” ಎಂಬ ಸಮಾಧಾನ ಸಿದ್ಧವಿರುತ್ತದೆ. ಹರಾಮಿನ ಗಳಿಕೆಯ ಒಂದು ಪಾಲು ಬಾಡಿಗೆಯೆಂಬ ಹೆಸರಿನಲ್ಲಿ ಬಂದರೆ ಹಲಾಲ್ ಆಗುವುದೇ?

ಬಾಡಿಗೆದಾರನನ್ನು ಬಿಡಿಸಲು ‘ಅನೈತಿಕ’ ಎಂಬ ಮಾತು ಆಯುಧವಾದದ್ದೂ ಉಂಟು. 1961ರ ಬಾಡಿಗೆ ನಿಯಂತ್ರಣ ಕಾಯಿದೆಯಲ್ಲಿ ಮನೆಯನ್ನು ಅನೈತಿಕ ಅಥವಾ ಕಾನೂನುಬಾಹಿರ ಕೆಲಸಕ್ಕೆ ಬಳಸಿ ಶಿಕ್ಷೆಗೊಳಗಾದವನನ್ನು ಬಿಡಿಸಲು ಅವಕಾಶವಿತ್ತು. 2001ರ ಡಿಸೆಂಬರ್ 31ರಿಂದ ಅದರ ಜಾಗಕ್ಕೆ 1999ರ ಕಾಯಿದೆ ಬಂತು. ಶಿಕ್ಷೆಯಾಗಿರಬೇಕೆಂಬ ಷರತ್ತು ಸುಮ್ಮನೆ ಇಟ್ಟದ್ದಲ್ಲ. ಬಾಡಿಗೆ ಏರಿಸಲು ಒಪ್ಪದವಳ ಮೇಲೆ ಬೀದಿಯಲ್ಲಿ ಒಂದು ಮಾತು ಹರಿಯಬಿಟ್ಟರೆ ಸಾಕು, ನ್ಯಾಯಾಲಯಕ್ಕೆ ಹೋಗುವ ಮೊದಲೇ ಅವಳು ಮನೆ ಖಾಲಿ ಮಾಡುತ್ತಾಳೆ ಎಂಬುದು ಬಲ್ಲವರಿಗೆ ಗೊತ್ತು.

ಆಲೆಮನೆಯ ಪಾಠ

ಈ ಜರಡಿ ಎಷ್ಟು ನಿರರ್ಥಕ ಎಂಬುದನ್ನು ಮಂಡ್ಯವೇ ಇತ್ತೀಚೆಗೆ ನಾಡಿಗೆ ತೋರಿಸಿತು. 2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಹೆಣ್ಣುಭ್ರೂಣ ಪತ್ತೆ ಮತ್ತು ಹತ್ಯೆಯ ಒಂದು ಜಾಲವನ್ನು ಬಯಲಿಗೆಳೆದರು. ಸ್ಕ್ಯಾನಿಂಗ್ ನಡೆಯುತ್ತಿದ್ದ ಜಾಗ ಮಂಡ್ಯದ ಬಳಿ ಕಬ್ಬಿನ ಗದ್ದೆಗಳ ನಡುವಿನ ಒಂದು ಆಲೆಮನೆ ಎಂಬುದು ತನಿಖೆಯಲ್ಲಿ ಹೊರಬಂತು. ಬೆಲ್ಲ ಬೇಯಿಸುವ ಜಾಗದಲ್ಲಿ ಹೆಣ್ಣುಮಕ್ಕಳ ಹುಟ್ಟಿಗೇ ತಡೆ ಹಾಕುವ ವ್ಯವಹಾರ! ಸರ್ಕಾರ ಪ್ರಕರಣವನ್ನು ಸಿಐಡಿಗೆ ಒಪ್ಪಿಸಿತು. 2024ರ ಮೇ ತಿಂಗಳಲ್ಲಿ ಪಾಂಡವಪುರದಲ್ಲಿ ಆರೋಗ್ಯ ಇಲಾಖೆಯ ವಸತಿಗೃ‍ಹದಲ್ಲೇ ಇಂಥ ಕೃತ್ಯ ನಡೆಯಿತೆಂಬ ಆರೋಪ ಬಂದು ಬಂಧನಗಳಾದವು. ಅಲ್ಲಿ ಮನೆಯ ಮಾಲೀಕ ಸ್ವತಃ ಸರ್ಕಾರ.

ಆರೋಪಿಗಳ ತಪ್ಪುಒಪ್ಪು ನ್ಯಾಯಾಲಯಕ್ಕೆ ಬಿಟ್ಟದ್ದು. ನಾವು ಕೇಳಬೇಕಾದ್ದು ಬೇರೆ. ಲಿಂಗಪತ್ತೆಯನ್ನು ನಿಷೇಧಿಸಿ, ನೋಂದಣಿಯಿಲ್ಲದ ಜಾಗದಲ್ಲಿ ಈ ಯಂತ್ರ ಇಡಬಾರದೆಂದ ಕಾಯಿದೆ 1994ರದು. ಅಷ್ಟು ವರ್ಷಗಳ ಮೇಲೂ ಊರ ಹೊರಗಿನ ಆಲೆಮನೆಗೆ ಕಾರುಗಳು ಬಂದು ಹೋದವು, ಗರ್ಭಿಣಿಯರು ಇಳಿದು ಹೋದರು. ಸುತ್ತಲಿನವರು, ನೆರೆಯವರು ಏನೂ ಕಾಣಲಿಲ್ಲವೇ? “ಮಾಂಸ ಮಾಡ್ತೀರಾ?” ಎಂದು ಕೇಳುವ ನಮ್ಮ ಎಚ್ಚರ ಅಲ್ಲಿ ಏಕೆ ಮಲಗಿತ್ತು? ಏಕೆಂದರೆ ಆ ಪ್ರಶ್ನೆಗೆ ಹೆಸರು ಕಾಣುತ್ತದೆ, ಕೃತ್ಯ ಕಾಣುವುದಿಲ್ಲ. ಎಲ್ಲ ಜರಡಿಗಳಲ್ಲೂ ಪಾರಾಗಿ ಬರುವ ಗಣ್ಯನ ಕೈಯಲ್ಲೇ ದೊಡ್ಡ ಕೆಡುಕಿನ ಚೀಲ ಇರಬಹುದು.

ಹಾಗಾದರೆ ಹೊಣೆ ಎಂದರೇನು?

ಚರಿತ್ರೆಯಿಂದ ನಮಗೆ ಸಿಗುವ ಉತ್ತರ ಸರಳವಾದದ್ದು. ಹೊಣೆಯನ್ನು ಗಳಿಕೆಯ ಜೊತೆ ಕಟ್ಟಬೇಕು. ಊರಿನ ದರಕ್ಕಿಂತ ಹೆಚ್ಚು ಬಾಡಿಗೆಯನ್ನು ಯಾರಾದರೂ ಮಾತಿಲ್ಲದೆ ಒಪ್ಪಿದರೆ ಮಾಲೀಕ ಕೇಳಬೇಕಾದ್ದು ‘ಏಕೆ’ ಎಂದು. ಆ ಹಣವನ್ನು ಎಣಿಸುವ ಮೊದಲು ಕೇಳಬೇಕು. ಕರಾರು ಪತ್ರದಲ್ಲಿ ಮನೆಯನ್ನು ಯಾವುದಕ್ಕೆ ಬಳಸಬಾರದೆಂದು ಸ್ಪಷ್ಟವಾಗಿ ಬರೆಸಬೇಕು, ಒಳಬಾಡಿಗೆಗೆ ಕೊಡಬಾರದೆಂದು ಹೇಳಬೇಕು. ಗುರುತಿನ ಚೀಟಿ, ಕೆಲಸದ ವಿವರ ಪಡೆಯುವುದು ತಪ್ಪಲ್ಲ. ಎಲ್ಲರಿಂದಲೂ ಒಂದೇ ಬಗೆಯಲ್ಲಿ ಪಡೆಯಬೇಕು. ಮೆಟ್ಟಿಲಿಗೆ ದೀಪ, ಬಾಗಿಲಿಗೆ ಗಟ್ಟಿ ಚಿಲಕ, ಹರಿಯುವ ಚರಂಡಿ ಕೊಡುವುದು ಮಾಲೀಕನ ಮೊದಲ ಕರ್ತವ್ಯ. ಕತ್ತಲಲ್ಲಿ ಬಿಟ್ಟ ಕಟ್ಟಡ ಕೆಡುಕನ್ನು ಕರೆಯುತ್ತದೆ. ತಿಂಗಳಿಗೊಮ್ಮೆಯಾದರೂ ಖುದ್ದಾಗಿ ಹೋಗಿ, ಬಾಗಿಲು ತಟ್ಟಿ, ಕಷ್ಟಸುಖ ವಿಚಾರಿಸಿ ಬರಬೇಕು.

ಬಾಗಿಲು ತಟ್ಟಬೇಕು, ಗೋಡೆ ಹತ್ತಬಾರದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಬಾಡಿಗೆದಾರನ ಅಡುಗೆ ಏನು, ಅವನ ಮನೆಗೆ ಬಂದ ನೆಂಟ ಯಾವ ಧರ್ಮದವನು, ಕೆಲಸ ಮುಗಿಸಿ ಹೆಣ್ಣುಮಗಳು ಎಷ್ಟು ಹೊತ್ತಿಗೆ ಬಂದಳು ಎಂದು ಕಾಯುವುದು ಮಾಲೀಕನ ಹೊಣೆಯಲ್ಲ, ಅದು ಅತಿಕ್ರಮ. ನೈತಿಕತೆಯ ಕಾವಲಿನ ಹೆಸರಿನಲ್ಲಿ ಗುಂಪು ಕಟ್ಟಿ ಬಾಗಿಲು ಒಡೆಯುವುದು ಅದಕ್ಕಿಂತ ದೊಡ್ಡ ಕೆಡುಕು. ನಿಜವಾದ ಅಪರಾಧ ಕಂಡರೆ, ಅದರಲ್ಲೂ ಮಕ್ಕಳನ್ನೋ ಬಲವಂತಕ್ಕೊಳಗಾದ ಹೆಂಗಸರನ್ನೋ ಕಂಡರೆ, ತಡಮಾಡದೆ ಪೊಲೀಸರಿಗೆ ತಿಳಿಸಬೇಕು. ‘ನಮ್ಮ ಮನೆಯ ಹೆಸರು ಕೆಡುತ್ತದೆ’ ಎಂದು ಗುಟ್ಟಾಗಿ ಖಾಲಿ ಮಾಡಿಸಿದರೆ ಆ ಮಗು ಇನ್ನೊಂದು ಬಾಡಿಗೆ ಮನೆಗೆ ಸಾಗುತ್ತದೆ, ಅಷ್ಟೆ.

ಬೆಂಗಳೂರು–ಮೈಸೂರು ಹೆದ್ದಾರಿ 2023ರಲ್ಲಿ ದಶಪಥವಾಗಿ ತೆರೆದುಕೊಂಡ ಮೇಲೆ ಮಂಡ್ಯ, ಮದ್ದೂರುಗಳು ಬೆಂಗಳೂರಿಗೆ ಇನ್ನೂ ಹತ್ತಿರವಾಗಿವೆ. ಹೊಸ ಬಡಾವಣೆಗಳು ಏಳುತ್ತಿವೆ. ಮುಂದಿನ ಹತ್ತು ವರ್ಷಗಳಲ್ಲಿ ಇನ್ನಷ್ಟು ಅಪರಿಚಿತರು ನಮ್ಮ ಗೇಟು ತಟ್ಟಲಿದ್ದಾರೆ. ಅವರಲ್ಲಿ ದುಡಿದು ಉಣ್ಣುವ ಸಾವಿರ ಮಂದಿಯಿರುತ್ತಾರೆ, ಕೆಡುಕಿಗೆ ಜಾಗ ಹುಡುಕುವ ಒಬ್ಬನಿರುತ್ತಾನೆ. ಆ ಒಬ್ಬನನ್ನು ಅವನ ಹೆಸರಿನಿಂದ ಗುರುತಿಸಲು ಸಾಧ್ಯವಿಲ್ಲ. ಅವನು ಕೊಡಲು ಮುಂದಾಗುವ ಹಣದಿಂದ ಬಹುಮಟ್ಟಿಗೆ ಗುರುತಿಸಬಹುದು. ಅವನನ್ನು ತಡೆಯುವ ಮೊದಲ ಕಾವಲುಗಾರ ಪೊಲೀಸನಲ್ಲ, ಮಾಲೀಕ. ಮುಂದಿನ ಸಲ ಯಾರಾದರೂ ಮನೆ ಕೇಳಿ ಬಂದಾಗ “ತಾವು ಯಾವ ಜನ?” ಎಂದು ಕೇಳುವ ಮೊದಲು, ಬಾಡಿಗೆ ಎಣಿಸುವ ತನ್ನ ಕೈಯನ್ನು ಅವನು ಒಮ್ಮೆ ನೋಡಿಕೊಳ್ಳಲಿ.